ಒಂದೇ ಕಥೆ, ಬೇರೆ ಬೇರೆ ಬಾಯಿ

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಕಥೆಗಳ ಬಗ್ಗೆಯೇ ಇವೆ. ಜನಪದ ಕಥೆ, ಪುರಾಣ, ಮಕ್ಕಳಿಗೆ ಹೇಳುವ ಕಥೆ, ಸಿನಿಮಾ ಕಥೆ, ಎಲ್ಲವೂ. ಜಾನಪದ ಪಾಠ ಮಾಡುತ್ತಲೇ ಬದುಕು ಕಳೆದವಳು ನಾನು. ಈ ವಿಷಯ ಎತ್ತಿದರೆ ನನಗೆ ಮಾತು ಉಕ್ಕಿ ಬರುತ್ತದೆ. ಹಾಗಾಗಿ ಕೆಲವು ಉತ್ತರ ಉದ್ದ, ಕೆಲವು ಗಿಡ್ಡ.

ಪ್ರಶ್ನೆ: ಮೇಡಂ, ಸಿಂಡರೆಲಾ ಕಥೆ ಚೀನಾದಲ್ಲೂ ಇದೆಯಂತೆ, ಕನ್ನಡದಲ್ಲೂ ಇದೆಯಂತೆ. ಹಾಗಾದರೆ ಮೂಲ ಯಾರದ್ದು? ಯಾರು ಯಾರಿಂದ ತೆಗೆದುಕೊಂಡರು? (ಎಂ.ಎ. ವಿದ್ಯಾರ್ಥಿನಿಯೊಬ್ಬರು)

ನಿಮ್ಮ ಪ್ರಶ್ನೆಯನ್ನೇ ಹಿಡಿದುಕೊಂಡು ಯುರೋಪಿನ ವಿದ್ವಾಂಸರು ತಲೆಮಾರುಗಟ್ಟಲೆ ಓಡಾಡಿದ್ದಾರೆ. 1859ರಲ್ಲಿ ಜರ್ಮನಿಯ ಥಿಯೊಡೋರ್ ಬೆನ್‌ಫೈ ಪಂಚತಂತ್ರವನ್ನು ಅನುವಾದ ಮಾಡಿದರು. ಯುರೋಪಿನ ಮಾಂತ್ರಿಕ ಕಥೆಗಳಲ್ಲಿ ಬಹುಪಾಲು ಭಾರತದಿಂದ ಹೋದವು ಎಂಬುದು ಅವರ ವಾದ. ಅಷ್ಟೂ ನಿಲ್ಲಲಿಲ್ಲ. ಆದರೆ ಕಥೆ ನಡೆದುಹೋಗುತ್ತದೆ ಎಂಬುದು ನಿಜ. ಪಂಚತಂತ್ರ 6ನೇ ಶತಮಾನದಲ್ಲಿ ಪಹ್ಲವಿಗೆ, ಅಂದರೆ ಆ ಕಾಲದ ಪರ್ಷಿಯನ್ ಭಾಷೆಗೆ ಹೋಯಿತು. 8ನೇ ಶತಮಾನದಲ್ಲಿ ಇಬ್ನ್ ಅಲ್-ಮುಕಫ್ಫಾ ಅದನ್ನು ಅರಬ್ಬಿಗೆ ತಂದರು. ಅಲ್ಲಿಂದ ಯುರೋಪಿಗೆ ದಾಟಿತು. 11ನೇ ಶತಮಾನದಲ್ಲಿ ದುರ್ಗಸಿಂಹ ಕನ್ನಡಕ್ಕೆ ತಂದದ್ದು ಇನ್ನೊಂದು ಕವಲು, ವಸುಭಾಗಭಟ್ಟನ ಸಂಸ್ಕೃತ ಪಂಚತಂತ್ರದ್ದು. ಬುದ್ಧನ ಜೀವನದ ಕಥೆ ಇನ್ನೂ ದೂರ ನಡೆಯಿತು. ಭಾಷೆಯಿಂದ ಭಾಷೆಗೆ ಹೋಗುತ್ತಾ ಹೋಗುತ್ತಾ ಮಧ್ಯಯುಗದ ಯುರೋಪಿನಲ್ಲಿ ಜೋಸಾಫಟ್ ಎಂಬ ಕ್ರೈಸ್ತ ಸಂತನ ಕಥೆಯಾಯಿತು. ಬೋಧಿಸತ್ವ ಎಂಬ ಹೆಸರೇ ಬಾಯಿಂದ ಬಾಯಿಗೆ ಸವೆದು ಜೋಸಾಫಟ್ ಆಗಿತ್ತು. ನೂರಾರು ವರ್ಷ ಯಾರಿಗೂ ಅದು ಗೊತ್ತಾಗಲಿಲ್ಲ.

ಆದರೆ ಎಲ್ಲ ಕಥೆಗೂ ಇಂಥ ದಾರಿ ಕಾಣುವುದಿಲ್ಲ. ಆದ್ದರಿಂದ ಫಿನ್ಲೆಂಡಿನವರು ಮೊದಲು ಲೆಕ್ಕ ಇಡೋಣ ಎಂದು ಹೊರಟರು. 1910ರಲ್ಲಿ ಆಂಟಿ ಆರ್ನೆ ಒಂದೊಂದು ಮಾದರಿ ಕಥೆಗೂ ಒಂದೊಂದು ಸಂಖ್ಯೆ ಕೊಟ್ಟು ಪಟ್ಟಿ ಮಾಡಿದರು. ಅಮೆರಿಕದ ಸ್ಟಿತ್ ಥಾಂಪ್ಸನ್ 1928ರಲ್ಲಿ, ಮತ್ತೆ 1961ರಲ್ಲಿ ಅದನ್ನು ಬೆಳೆಸಿದರು. 2004ರಲ್ಲಿ ಜರ್ಮನಿಯ ಹಾನ್ಸ್-ಯೋರ್ಗ್ ಊಥರ್ ಪರಿಷ್ಕರಿಸಿದರು. ಮೂವರ ಹೆಸರಿನ ಇಂಗ್ಲಿಷ್ ಮೊದಲಕ್ಷರ ಸೇರಿಸಿ ಎಟಿಯು ಸಂಖ್ಯೆ ಅನ್ನುತ್ತೇವೆ. ಸಿಂಡರೆಲಾಗೆ 510ಎ. ಈ ಪಟ್ಟಿಗಿಂತ ಮೊದಲೇ, 1893ರಲ್ಲಿ, ಮೇರಿಯನ್ ರೋಲ್ಫ್ ಕಾಕ್ಸ್ ಎಂಬ ಇಂಗ್ಲಿಷ್ ಮಹಿಳೆ ಇದೇ ಬಳಗದ 345 ರೂಪಗಳನ್ನು ಒಟ್ಟು ಮಾಡಿದ್ದರು. ಆ ಕಾಲದಲ್ಲಿ ಎಂಥ ಕೆಲಸ, ನೋಡಿ!

ಸಂಖ್ಯೆ ಬೇಕು. ಇಲ್ಲದಿದ್ದರೆ ಹುಡುಕುವುದೇ ಕಷ್ಟ. ಆದರೆ ಅದು ಪಿನ್‌ಕೋಡ್ ಇದ್ದ ಹಾಗೆ. ಊರು ತೋರಿಸುತ್ತದೆ, ಮನೆಯೊಳಗೆ ಯಾರಿದ್ದಾರೆ ಎಂದು ಹೇಳುವುದಿಲ್ಲ. ಒಳಗೆ ಹೋಗಿಯೇ ನೋಡಬೇಕು. ಬನ್ನಿ, ಎರಡು ಮನೆಗೆ ಹೋಗೋಣ.

ಮೊದಲನೆಯದು ಚೀನಾದ್ದು. 9ನೇ ಶತಮಾನದಲ್ಲಿ ದುವಾನ್ ಚೆಂಗ್‌ಷಿ ಎಂಬಾತ ಬರೆದಿಟ್ಟದ್ದು. ಹುಡುಗಿಯ ಹೆಸರು ಯೆ ಶಿಯೆನ್. ಹೆತ್ತವರಿಬ್ಬರೂ ಇಲ್ಲ. ಮಲತಾಯಿ ಅವಳನ್ನು ಅಪಾಯದ ಜಾಗಕ್ಕೆ ಸೌದೆ ತರಲು, ಆಳದ ಮಡುವಿಗೆ ನೀರು ತರಲು ಕಳಿಸುತ್ತಾಳೆ. ಹುಡುಗಿಗೆ ಒಂದು ಪುಟ್ಟ ಮೀನು ಸಿಗುತ್ತದೆ. ಕೆಂಪು ಈಜುರೆಕ್ಕೆ, ಚಿನ್ನದ ಕಣ್ಣು. ಪಾತ್ರೆಯಲ್ಲಿ ಹಾಕಿ ಸಾಕುತ್ತಾಳೆ. ಮೀನು ಬೆಳೆದಂತೆ ದೊಡ್ಡ ಪಾತ್ರೆಗೆ ಹಾಕುತ್ತಾಳೆ. ಯಾವ ಪಾತ್ರೆಯೂ ಸಾಲದಾದಾಗ ಹಿತ್ತಲ ಕೊಳಕ್ಕೆ ಬಿಡುತ್ತಾಳೆ. ಅವಳು ಬಂದರೆ ಮಾತ್ರ ಮೀನು ಮೇಲೆ ಬಂದು ದಡದ ಮೇಲೆ ತಲೆ ಇಡುತ್ತದೆ. ಮಲತಾಯಿ ಏನು ಮಾಡುತ್ತಾಳೆ ಗೊತ್ತಾ? ಹುಡುಗಿಯ ಬಟ್ಟೆಯನ್ನೇ ತೊಟ್ಟು, ಅದರ ತೋಳಿನೊಳಗೆ ಕತ್ತಿ ಬಚ್ಚಿಟ್ಟುಕೊಂಡು ಹೋಗಿ ಮೀನನ್ನು ಕರೆಯುತ್ತಾಳೆ. ಮೀನು ನಂಬಿ ತಲೆ ಎತ್ತುತ್ತದೆ. ಕೊಂದು, ಬೇಯಿಸಿ ತಿಂದು, ಮೂಳೆಯನ್ನು ತಿಪ್ಪೆಯಲ್ಲಿ ಹೂಳುತ್ತಾಳೆ. ಆಕಾಶದಿಂದ ಇಳಿದ ಒಬ್ಬ ಮನುಷ್ಯ ಹುಡುಗಿಗೆ ಹೇಳುತ್ತಾನೆ: ಆ ಮೂಳೆ ತೆಗೆದು ಬಚ್ಚಿಡು, ಬೇಕಾದ್ದು ಕೇಳು. ಹಬ್ಬಕ್ಕೆ ಹೋಗಲು ಅವಳಿಗೆ ಮಿಂಚುಳ್ಳಿ ಗರಿಯ ಮೇಲುಡುಗೆ, ಚಿನ್ನದ ಪಾದರಕ್ಷೆ ಸಿಗುತ್ತವೆ. ಒಂದು ಕಾಲಿನದು ಬಿದ್ದುಹೋಗುತ್ತದೆ. ಅದು ದ್ವೀಪದ ರಾಜನ ಕೈ ಸೇರುತ್ತದೆ. ಮುಂದಿನದು ನಿಮಗೆ ಗೊತ್ತು. ಫ್ರಾನ್ಸಿನಲ್ಲಿ ಪೆರೋ ತಮ್ಮ ಸಿಂಡರೆಲಾ ಅಚ್ಚು ಹಾಕಿಸಿದ್ದು 1697ರಲ್ಲಿ, ಅಂದರೆ ಇದಕ್ಕಿಂತ ಎಂಟುನೂರು ವರ್ಷ ತಡವಾಗಿ.

ನನಗೆ ಈ ಕಥೆಯಲ್ಲಿ ಪಾದರಕ್ಷೆಗಿಂತ ಜಾಸ್ತಿ ಇಷ್ಟವಾದದ್ದು ಕೊನೆಯಲ್ಲಿ ದುವಾನ್ ಸೇರಿಸಿದ ಮಾತು. ಇದನ್ನು ತನಗೆ ಹೇಳಿದವನು ಮನೆಯ ಹಳೆಯ ಆಳು ಲಿ ಷಿಯುವಾನ್ ಎಂದು ಹೆಸರು ಬರೆದಿದ್ದಾನೆ. ಅವನು ದಕ್ಷಿಣದ ಗುಹೆ ಪ್ರದೇಶದವನು, ಅಲ್ಲಿನ ಸೋಜಿಗದ ಕಥೆಗಳೆಲ್ಲ ಅವನಿಗೆ ನೆನಪಿದ್ದವು ಎಂದೂ ಹೇಳಿದ್ದಾನೆ. ಕಥೆ ಹೇಳಿದವನ ಹೆಸರು ಬರೆಯಬೇಕು ಎಂದು ನಾವು ಈಗಲೂ ಪಾಠ ಮಾಡುತ್ತೇವೆ. ದುವಾನ್ ಆಗಲೇ ಬರೆದಿದ್ದ.

ಎರಡನೆಯ ಮನೆ ಕನ್ನಡದ್ದು. ಎ.ಕೆ. ರಾಮಾನುಜನ್ ಸಂಗ್ರಹಿಸಿದ 'ಹಂಚಿ' ಕಥೆ. ಹುಡುಗಿಗೆ ಚಿನ್ನದ ಕೂದಲು. ಅಣ್ಣನೇ ಅವಳನ್ನು ಮದುವೆಯಾಗುತ್ತೇನೆ ಎಂದು ಹಟ ಹಿಡಿಯುತ್ತಾನೆ. ತಾಯಿ ಮಣ್ಣಿನ ಮುಖವಾಡ ಮಾಡಿಸಿ, ಮಗಳಿಗೆ ತೊಡಿಸಿ, ಮನೆಯಿಂದ ದೂರ ಕಳಿಸಿಬಿಡುತ್ತಾಳೆ. ಇಲ್ಲಿ ಮಲತಾಯಿಯ ಕಾಟ ಇಲ್ಲ, ಪಾದರಕ್ಷೆಯೂ ಇಲ್ಲ. ಹುಡುಗಿ ಸಾಹುಕಾರರ ಮನೆಯಲ್ಲಿ ಅಡುಗೆ ಕೆಲಸಕ್ಕೆ ಸೇರುತ್ತಾಳೆ. ಒಂದು ದಿನ ಮುಖವಾಡ ತೆಗೆದಾಗ ಮನೆಯ ಮಗ ನೋಡುತ್ತಾನೆ. ಮದುವೆಯೂ ಆಗುತ್ತದೆ. ಪೆರೋ ಆಗಿದ್ದರೆ ಇಲ್ಲಿಗೆ ಮುಗಿಸುತ್ತಿದ್ದರು. ಇಲ್ಲಿ ಅರ್ಧ ಕಥೆ ಇನ್ನೂ ಬಾಕಿ ಇದೆ. ಮನೆಗೆ ಬರುವ ಗುರು ಅವಳ ಮೇಲೆ ಕಣ್ಣು ಹಾಕುತ್ತಾನೆ. ಅವಳು ಬಗ್ಗುವುದಿಲ್ಲ. ಅಪವಾದ ಹೊರಿಸುತ್ತಾನೆ. ಅವಳನ್ನು ಪೆಟ್ಟಿಗೆಯಲ್ಲಿಟ್ಟು ಹೊಳೆಗೆ ಬಿಡುವವರೆಗೂ ಹೋಗುತ್ತದೆ.

ರಾಮಾನುಜನ್ ಇದರಿಂದ ಒಂದು ದೊಡ್ಡ ವಿಷಯ ಕಂಡುಕೊಂಡರು. ಗಂಡಸು ನಾಯಕನಾದ ಕಥೆ ಸಾಮಾನ್ಯವಾಗಿ ಮದುವೆಗೆ ಬಂದು ಮುಗಿಯುತ್ತದೆ. ಹೆಂಗಸರು ಹೆಂಗಸರ ಬಗ್ಗೆ ಹೇಳುವ ಕಥೆಯಲ್ಲಿ ಮದುವೆ ಬೇಗ ಆಗಿಬಿಡುತ್ತದೆ, ನಿಜವಾದ ಕಷ್ಟ ಆಮೇಲೆ ಶುರುವಾಗುತ್ತದೆ. ಅವಳಿಗೆ ಏನಾಯಿತು ಎಂದು ಯಾರಾದರೂ ಕೇಳಿಸಿಕೊಂಡಾಗಲೇ ಕಷ್ಟ ತೀರುವುದು. ಬರೀ ಸಂಖ್ಯೆ ಹಚ್ಚಿ ಬಿಟ್ಟಿದ್ದರೆ ಈ ಮಾತು ಕೈಗೆ ಸಿಗುತ್ತಿತ್ತಾ?

ಈಗ ಕಂಪ್ಯೂಟರಿನಿಂದಲೂ ಮೂಲ ಹುಡುಕುತ್ತಾರೆ. 2013ರಲ್ಲಿ ಜೇಮಿ ತೆಹ್ರಾನಿ ಎಂಬ ಸಂಶೋಧಕರು ಕೆಂಪು ಟೋಪಿಯ ಹುಡುಗಿ ಮತ್ತು ತೋಳದ ಕಥೆಯ 58 ರೂಪ ತೆಗೆದುಕೊಂಡರು. ಜೀವಿಗಳ ವಂಶವೃಕ್ಷ ಬಿಡಿಸುವ ವಿಧಾನದಲ್ಲೇ ಅವುಗಳ ವಂಶವೃಕ್ಷ ಬಿಡಿಸಿದರು. ಪೂರ್ವ ಏಷ್ಯಾದ ರೂಪಗಳು ಎರಡು ಬೇರೆ ಕಥೆಗಳು ಬೆರೆತು ಆದಂಥವು ಎಂದು ಅವರಿಗೆ ಕಂಡಿತು. ಒಳ್ಳೆಯ ಕೆಲಸ. ನಿಮಗೆ ನನ್ನ ಸಲಹೆ ಮಾತ್ರ ಬೇರೆ. ಹೋಲಿಕೆ ಕಂಡ ತಕ್ಷಣ ಖುಷಿಪಡಿ, ಆದರೆ ಪ್ರಬಂಧವನ್ನು ವ್ಯತ್ಯಾಸದ ಮೇಲೆ ಬರೆಯಿರಿ. ಪಾದರಕ್ಷೆ ಇದ್ದ ಜಾಗದಲ್ಲಿ ಮುಖವಾಡ ಯಾಕೆ ಬಂತು? ಮಲತಾಯಿ ಇದ್ದ ಜಾಗದಲ್ಲಿ ಅಣ್ಣ ಯಾಕೆ ಬಂದ? ಅಲ್ಲಿಂದ ಶುರು ಮಾಡಿ.

ಪ್ರಶ್ನೆ: ನಮ್ಮಜ್ಜಿ ಒಂದೇ ಕಥೆಯನ್ನು ಪ್ರತಿ ಸಲ ಬೇರೆ ಥರ ಹೇಳುತ್ತಿದ್ದರು. ಕೇಳಿದರೆ 'ನಾನು ಹೇಳೋದು ಯಾವಾಗಲೂ ಒಂದೇ' ಅನ್ನುತ್ತಿದ್ದರು. ಈಗ ಬರೆದಿಡಬೇಕು ಅಂತ ಕೂತಿದ್ದೇನೆ. ಯಾವುದನ್ನು ಸರಿ ಅಂತ ಬರೆಯಲಿ?

ಎಲ್ಲವನ್ನೂ ಬರೆಯಿರಿ. ಅಜ್ಜಿ ಸುಳ್ಳು ಹೇಳಿಲ್ಲ.

ಇದೇ ಮಾತನ್ನು ಕೇಳಿಸಿಕೊಂಡ ಇಬ್ಬರು ವಿದ್ವಾಂಸರಿದ್ದರು, ಅಮೆರಿಕದ ಮಿಲ್ಮನ್ ಪ್ಯಾರಿ ಮತ್ತು ಅವರ ಶಿಷ್ಯ ಆಲ್ಬರ್ಟ್ ಲಾರ್ಡ್. ಪ್ರಾಚೀನ ಗ್ರೀಕ್ ಕವಿ ಹೋಮರನ ಅಷ್ಟು ದೊಡ್ಡ ಕಾವ್ಯ ಬರವಣಿಗೆ ಇಲ್ಲದೆ ಹೇಗೆ ಹುಟ್ಟಿತು ಎಂಬುದು ಪ್ಯಾರಿಯ ಪ್ರಶ್ನೆ. ಪುಸ್ತಕದಲ್ಲಿ ಉತ್ತರ ಸಿಗುವುದಿಲ್ಲ, ಈಗಲೂ ಹಾಡುವವರ ಹತ್ತಿರ ಹೋಗಬೇಕು ಎಂದು ಅವರು 1933ರಿಂದ 1935ರವರೆಗೆ ಯುಗೊಸ್ಲಾವಿಯಾದಲ್ಲಿ ತಿರುಗಿದರು. ಅಲ್ಲಿ ಗುಸ್ಲೆ ಎಂಬ ತಂತಿವಾದ್ಯ ನುಡಿಸುತ್ತಾ ವೀರರ ಕಥೆ ಹಾಡುವವರಿದ್ದರು. ಅವರ ಹಾಡುಗಳನ್ನು ತಟ್ಟೆಗಳ ಮೇಲೆ ಧ್ವನಿಮುದ್ರಿಸಿದರು.

ಅವರಲ್ಲಿ ದೊಡ್ಡವರು ಆವ್ದೊ ಮೆಜೆದೊವಿಚ್. ಕಸುಬಿನಿಂದ ಕಟುಕ. ಓದು ಬರಹ ಬಾರದು. 1935ರಲ್ಲಿ ಒಂದೇ ಕಥೆಯನ್ನು 12,000 ಸಾಲುಗಳಿಗೂ ಮಿಕ್ಕಿ ಹೇಳಿ ಬರೆಸಿದರು. ಪ್ಯಾರಿ ಒಂದು ಪರೀಕ್ಷೆ ಮಾಡಿದರು. ಆವ್ದೊ ಎಂದೂ ಕೇಳದ ಹಾಡೊಂದನ್ನು ಇನ್ನೊಬ್ಬ ಗಾಯಕನಿಂದ ಹಾಡಿಸಿದರು, ಆವ್ದೊ ಪಕ್ಕದಲ್ಲೇ ಕೂತು ಕೇಳಿದರು. ಮುಗಿದ ಮೇಲೆ, 'ಈಗ ನೀವು ಇದೇ ಹಾಡನ್ನು ಹಾಡಬಲ್ಲಿರಾ?' ಎಂದು ಕೇಳಿದರು. ಆವ್ದೊ ಹಾಡಿದರು. ಕೇಳಿದ ಹಾಡಿಗಿಂತ ಅವರದ್ದು ಎರಡೂವರೆ ಪಟ್ಟಿಗೂ ಹೆಚ್ಚು ಉದ್ದವಾಯಿತು. ಕಥೆ ಅದೇ. ಆದರೆ ಕುದುರೆಯ ಅಲಂಕಾರ ಬಂತು, ಆಯುಧಗಳ ವರ್ಣನೆ ಬಂತು, ಪಾತ್ರಗಳ ಮನಸ್ಸಿನ ಸಂಕಟ ಬಂತು. ಒಂದೇ ಸಲ ಕೇಳಿ, ಅಲ್ಲೇ ಕೂತು!

ಆ ಗಾಯಕರು 'ಒಂದಕ್ಷರ ಬದಲಿಸಿಲ್ಲ' ಎಂದು ಆಣೆ ಇಟ್ಟಂತೆ ಹೇಳುತ್ತಿದ್ದರು. ಮುದ್ರಿಕೆಗಳನ್ನು ಪಕ್ಕಪಕ್ಕ ಇಟ್ಟರೆ ಸಾಲು ಸಾಲೂ ಬೇರೆ. 1960ರಲ್ಲಿ ಲಾರ್ಡ್ ಇದಕ್ಕೆ ಕಾರಣ ವಿವರಿಸಿದರು. ಗಾಯಕನ ತಲೆಯಲ್ಲಿ ಇರುವುದು ಬಾಯಿಪಾಠದ ಸಾಲುಗಳಲ್ಲ. ಕಥೆಯ ನಡಿಗೆ ಇರುತ್ತದೆ, ಸಿದ್ಧ ನುಡಿಗಟ್ಟುಗಳು ಇರುತ್ತವೆ, ಸಭೆ-ಯುದ್ಧ-ಪ್ರಯಾಣದಂಥ ಸನ್ನಿವೇಶಗಳ ಅಚ್ಚು ಇರುತ್ತದೆ. ಇಷ್ಟರಿಂದ ಅವನು ಪ್ರತಿ ಸಲ ಹೊಸದಾಗಿ ಕಟ್ಟುತ್ತಾನೆ. 'ಅದೇ ಹಾಡು' ಅಂದರೆ ಅವನಿಗೆ ಅದೇ ಕಥೆ. 'ಪದಕ್ಕೆ ಪದ' ಎಂಬ ಅಳತೆ ಅಚ್ಚು ಹಾಕಿದ ಪುಟ ನೋಡಿ ಬೆಳೆದ ನಮ್ಮದು.

ಆದ್ದರಿಂದ ಅಜ್ಜಿ ಹೇಳಿದ್ದರಲ್ಲಿ ಒಂದನ್ನು ಮೂಲ, ಮಿಕ್ಕಿದ್ದನ್ನು ತಪ್ಪು ಎಂದು ಬರೆಯಬೇಡಿ. ನೆನಪಿದ್ದರೆ ಇದನ್ನೂ ಬರೆಯಿರಿ: ಯಾವಾಗ ಹೇಳಿದರು, ಯಾರು ಕೇಳುತ್ತಿದ್ದರು, ಎಲ್ಲಿ ದನಿ ತಗ್ಗಿಸಿದರು. ಚಿಕ್ಕಮಕ್ಕಳಿದ್ದಾಗ ಬಿಟ್ಟ ಭಾಗ ಯಾವುದು? ದೊಡ್ಡವರು ಮಾತ್ರ ಇದ್ದಾಗ ಸೇರಿಸಿದ್ದು ಯಾವುದು? ಅಜ್ಜಿ ಎಂಥ ಕಥೆಗಾರ್ತಿ ಎಂಬುದು ಆ ವ್ಯತ್ಯಾಸದಲ್ಲೇ ಕಾಣುತ್ತದೆ.

ಪ್ರಶ್ನೆ: ಮಗಳಿಗೆ ಐದು ವರ್ಷ. ಗ್ರಿಮ್ ಸಹೋದರರ ಕಥೆಗಳಲ್ಲಿ ಕ್ರೌರ್ಯ ಜಾಸ್ತಿ. ಹೇಳುವಾಗ ಬದಲಾಯಿಸಿದರೆ ಕಥೆಗೆ ಅನ್ಯಾಯವಲ್ಲವೇ?

ಅಲ್ಲ. ಗ್ರಿಮ್ ಸಹೋದರರೇ ಬದಲಾಯಿಸಿದ್ದಾರೆ. ಅವರ ಮೊದಲ ಸಂಪುಟ ಬಂದದ್ದು 1812ರಲ್ಲಿ, ಏಳನೆಯ ಆವೃತ್ತಿ 1857ರಲ್ಲಿ. ನಡುವಿನ ವರ್ಷಗಳಲ್ಲಿ, ಮುಖ್ಯವಾಗಿ ಇಬ್ಬರಲ್ಲಿ ಕಿರಿಯ ವಿಲ್ಹೆಲ್ಮ್, ತಿದ್ದುತ್ತಲೇ ಹೋದರು. 1812ರ ಹಿಮಬಿಳುಪಿನ ಹುಡುಗಿ ಸ್ನೋ ವೈಟ್‌ಳನ್ನು ಕೊಲ್ಲಿಸಲು ಹೊರಟವಳು ಹೆತ್ತ ತಾಯಿ. ಹಾನ್ಸೆಲ್ ಮತ್ತು ಗ್ರೆಟೆಲ್‌ರನ್ನು ಕಾಡಿಗೆ ಅಟ್ಟಿಸಿದವಳೂ ಹೆತ್ತ ತಾಯಿಯೇ. ಮುಂದಿನ ಆವೃತ್ತಿಗಳಲ್ಲಿ ಇಬ್ಬರೂ ಮಲತಾಯಿಯರಾದರು. ತಾಯಿ ಅಂಥವಳು ಎಂದು ಮಕ್ಕಳ ಪುಸ್ತಕದಲ್ಲಿ ಅಚ್ಚು ಹಾಕಲು ಅವರಿಗೆ ಮನಸ್ಸು ಬರಲಿಲ್ಲ. ಮೊದಲ ಆವೃತ್ತಿಯ ರಪುಂಜೆಲ್, 'ನನ್ನ ಬಟ್ಟೆ ಯಾಕೆ ಬಿಗಿಯಾಗುತ್ತಿದೆ?' ಎಂದು ತನ್ನನ್ನು ಗೋಪುರದಲ್ಲಿ ಕೂಡಿಹಾಕಿದವಳನ್ನು ಕೇಳಿ ಬಸುರಿನ ಗುಟ್ಟು ಬಿಟ್ಟುಕೊಡುತ್ತಾಳೆ. ಆ ಮಾತನ್ನೂ ತೆಗೆದುಹಾಕಿದರು. ವಿಚಿತ್ರ ಅಂದರೆ, ಕೆಟ್ಟವರಿಗೆ ಕೊಡುವ ಶಿಕ್ಷೆಯ ಕ್ರೌರ್ಯವನ್ನು ಅವರು ಕಡಿಮೆ ಮಾಡಲಿಲ್ಲ.

ಹಾಗಾಗಿ ಧೈರ್ಯವಾಗಿ ಬದಲಾಯಿಸಿ. ನನ್ನ ಕೋರಿಕೆ ಒಂದೇ. ಭಯವನ್ನು ಪೂರ್ತಿ ತೆಗೆಯಬೇಡಿ. ಕಾಡಿನಲ್ಲಿ ಕತ್ತಲಾಗದಿದ್ದರೆ ಮಕ್ಕಳಿಬ್ಬರೂ ಕೈ ಹಿಡಿದುಕೊಳ್ಳುವುದೇ ಇಲ್ಲ. ಮಗಳ ಮುಖ ನೋಡುತ್ತಾ ಹೇಳಿ, ಎಷ್ಟು ಸಾಕು ಎಂದು ಗೊತ್ತಾಗುತ್ತದೆ.

ಪ್ರಶ್ನೆ: ಚಿತ್ರಕಥೆ ತರಬೇತಿಯಲ್ಲಿ 'ಜಗತ್ತಿನ ಎಲ್ಲ ಕಥೆಯೂ ಒಂದೇ, ನಾಯಕನ ಪಯಣ' ಎಂದು ಹೇಳಿಕೊಟ್ಟರು. ನಿಜವೇ? ಈ ಅಚ್ಚಿಗೆ ಕೂರದ ನನ್ನ ಕಥೆಯನ್ನು ಬಿಟ್ಟುಬಿಡಲೇ?

ಖಂಡಿತ ಬಿಡಬೇಡಿ.

ಇದು 1949ರಲ್ಲಿ ಅಮೆರಿಕದ ಪುರಾಣ ವಿದ್ವಾಂಸ ಜೋಸೆಫ್ ಕ್ಯಾಂಬೆಲ್ ಮುಂದಿಟ್ಟ ವಿಚಾರ. ನಾಯಕ ಮನೆ ಬಿಡುತ್ತಾನೆ, ಪರೀಕ್ಷೆಗಳನ್ನು ದಾಟುತ್ತಾನೆ, ಏನೋ ಗಳಿಸಿ ಹಿಂದಿರುಗುತ್ತಾನೆ. ಇಂಥ ಕಥೆಗಳು ಸಾಕಷ್ಟಿವೆ, ಅದು ಸರಿ. ಆದರೆ 'ಎಲ್ಲವೂ' ಎಂಬ ಮಾತಿಗೆ ನನ್ನ ಪೂರ್ತಿ ವಿರೋಧವಿದೆ. ಒಂದು ಸಂಸ್ಕೃತಿಯ ಕಥೆಯಿಂದ ತಲೆ, ಇನ್ನೊಂದರಿಂದ ನಡು, ಮತ್ತೊಂದರಿಂದ ಕಾಲು ತೆಗೆದು ಜೋಡಿಸಿದರೆ ಯಾವ ಆಕಾರ ಬೇಕಾದರೂ ಬರುತ್ತದೆ. ಯಾವ ಕಥೆ ಕೂರಲಿಲ್ಲ ಎಂದು ಅವರು ಲೆಕ್ಕ ಕೊಡುವುದಿಲ್ಲ. ಅಲನ್ ಡಂಡೆಸ್‌ರಂಥ ಜಾನಪದ ವಿದ್ವಾಂಸರು ಅವರ ಮೇಲೆ ಖಾರವಾಗಿ ಬರೆದದ್ದು ಇದಕ್ಕೇ. ಮೇಲೆ ಹೇಳಿದ ಹಂಚಿಯ ಕಥೆಯನ್ನೇ ಈ ಅಚ್ಚಿನಲ್ಲಿ ಕೂರಿಸಿ ನೋಡಿ. ಅವಳು ಏನನ್ನೂ ಗೆಲ್ಲಲು ಮನೆ ಬಿಟ್ಟವಳಲ್ಲ. ತಿರುಗಿ ಹೋಗಲು ಅವಳಿಗೆ ಮನೆಯೂ ಇಲ್ಲ.

ಅಚ್ಚು ಹುಡುಕುವುದೇ ತಪ್ಪು ಎನ್ನುತ್ತಿಲ್ಲ. ರಷ್ಯಾದ ವ್ಲಾದಿಮಿರ್ ಪ್ರಾಪ್ 1928ರಲ್ಲಿ ಇದೇ ಕೆಲಸ ಮಾಡಿದರು. ರಷ್ಯಾದ 100 ಮಾಂತ್ರಿಕ ಕಥೆಗಳನ್ನು ತೆಗೆದುಕೊಂಡು, ಅವುಗಳಲ್ಲಿ ಬರುವ ಕ್ರಿಯೆಗಳು 31, ಪಾತ್ರಗಳ ಬಗೆ 7 ಎಂದು ತೋರಿಸಿದರು. ತಮ್ಮ ಮಾತು ಈ ಜಾತಿಯ ಕಥೆಗಳಿಗೆ ಮಾತ್ರ ಎಂದು ಗಡಿ ಹಾಕಿಕೊಂಡರು. ಆ ಸಂಯಮ ನನಗೆ ತುಂಬಾ ಹಿಡಿಸುತ್ತದೆ.

ಕಥೆ ಒಂದೇ ಅನ್ನುವವರಿಗೆ ನಾನು ತರಗತಿಯಲ್ಲಿ ಯಾವಾಗಲೂ ಹೇಳುತ್ತಿದ್ದ ಪ್ರಸಂಗ ಒಂದಿದೆ. ಲಾರಾ ಬೊಹಾನನ್ ಎಂಬ ಮಾನವಶಾಸ್ತ್ರಜ್ಞೆ ನೈಜೀರಿಯಾದ ತಿವ್ ಜನರ ನಡುವೆ ಇದ್ದರು. ಮಳೆಗಾಲ, ಹೊರಗೆ ಕೆಲಸ ಇಲ್ಲ, ಹಿರಿಯರು ಕೂತು ಕಥೆ ಹೇಳುತ್ತಿದ್ದರು. ನೀನೂ ಒಂದು ಹೇಳು ಎಂದರು. ಷೇಕ್ಸ್‌ಪಿಯರನ ದುರಂತ ನಾಟಕ ಹ್ಯಾಮ್ಲೆಟ್ ಎಲ್ಲರಿಗೂ ಅರ್ಥವಾಗುತ್ತದೆ ಎಂದು ನಂಬಿದ್ದ ಅವರು ಅದನ್ನೇ ಶುರು ಮಾಡಿದರು. ಸತ್ತ ರಾಜ ಕಾಣಿಸಿಕೊಂಡ ಎಂದರು. ಸತ್ತವರು ನಡೆದಾಡುವುದಿಲ್ಲ, ಅದು ಮಾಟಗಾರ ಕಳಿಸಿದ ಶಕುನ ಎಂದರು ಹಿರಿಯರು. ರಾಜನ ತಮ್ಮ ಅತ್ತಿಗೆಯನ್ನು ಮದುವೆಯಾದ ಎಂದರು. ಒಳ್ಳೆಯದೇ ಮಾಡಿದ, ಅಣ್ಣನ ಹೆಂಡತಿ ಮಕ್ಕಳನ್ನು ತಮ್ಮನೇ ನೋಡಿಕೊಳ್ಳಬೇಕು ಎಂದರು ಅವರು. ಅಷ್ಟು ಬೇಗ ಮದುವೆಯಾದದ್ದು ತಪ್ಪಲ್ಲವೇ ಎಂದರೆ, ಗಂಡ ಇಲ್ಲದೆ ಹೊಲ ಅಗೆಯುವವರು ಯಾರು ಎಂದು ಒಬ್ಬಳು ಹೆಂಗಸು ಕೇಳಿದಳು. ಹ್ಯಾಮ್ಲೆಟ್‌ಗೆ ಹುಚ್ಚು ಹಿಡಿದದ್ದಕ್ಕೂ ಅವರ ಹತ್ತಿರ ಕಾರಣ ಇತ್ತು: ತಂದೆಯ ಕಡೆಯವರು ಯಾರೋ ಮಾಟ ಮಾಡಿಸಿದ್ದಾರೆ. ಕೊನೆಗೆ ಹಿರಿಯರು ಪ್ರೀತಿಯಿಂದಲೇ ಹೇಳಿದರು: ನಿಮ್ಮ ಕಥೆಗಳನ್ನು ಇನ್ನೂ ಹೇಳು, ಅವುಗಳ ನಿಜವಾದ ಅರ್ಥ ನಾವು ತಿಳಿಸಿಕೊಡುತ್ತೇವೆ. ಬೊಹಾನನ್ ಇದನ್ನು 1966ರಲ್ಲಿ ಬರೆದರು.

ಹ್ಯಾಮ್ಲೆಟ್‌ನ ಅಸ್ಥಿಪಂಜರ ಅಲ್ಲೂ ಅದೇ ಇತ್ತು. ಆದರೆ ಆ ಸಭೆಯಲ್ಲಿ ಅದು ದುರಂತವಾಗಲಿಲ್ಲ. ಕೇಳುವವರು ಕಥೆಯ ಅರ್ಧ ಭಾಗವನ್ನು ಕಟ್ಟುತ್ತಾರೆ. ಕೇಂಬ್ರಿಜ್‌ನ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಬಾರ್ಟ್‌ಲೆಟ್ ಇದನ್ನೇ ಇನ್ನೊಂದು ಕಡೆಯಿಂದ ತೋರಿಸಿದರು. ಅಮೆರಿಕದ ಮೂಲನಿವಾಸಿಗಳ ಪ್ರೇತಗಳ ಯುದ್ಧದ ಕಥೆಯೊಂದನ್ನು ಇಂಗ್ಲಿಷರಿಗೆ ಓದಿಸಿ, ಆಮೇಲೆ ನೆನಪಿನಿಂದ ಬರೆಯಿಸಿದರು. 1932ರಲ್ಲಿ ಅದರ ಫಲಿತಾಂಶ ಅಚ್ಚಾಯಿತು. ಕಥೆಯಲ್ಲಿದ್ದ ಸೀಲ್ ಎಂಬ ಕಡಲ ಪ್ರಾಣಿಯ ಬೇಟೆ ಅವರ ನೆನಪಿನಲ್ಲಿ ಮೀನು ಹಿಡಿಯುವುದಾಗಿತ್ತು. ಅರ್ಥವಾಗದ ಪ್ರೇತಗಳು ಕೆಲವರ ಬರಹದಿಂದ ಮಾಯವೇ ಆಗಿದ್ದವು. ಗೊತ್ತಿಲ್ಲದ್ದನ್ನು ಗೊತ್ತಿರುವುದರ ಕಡೆ ಎಳೆದುಕೊಳ್ಳುವುದು ನಮ್ಮೆಲ್ಲರ ಅಭ್ಯಾಸ. 'ಎಲ್ಲ ಕಥೆಯೂ ಒಂದೇ' ಎಂಬ ಮಾತೂ ಆ ಎಳೆತದಿಂದಲೇ ಹುಟ್ಟಿದ್ದು ಎಂದು ನನಗೆ ಅನಿಸುತ್ತದೆ.

ನಿಮ್ಮ ಕಥೆ ಯಾವ ಜಾಗದಲ್ಲಿ ಅಚ್ಚಿಗೆ ಕೂರುತ್ತಿಲ್ಲವೋ ಆ ಜಾಗವನ್ನು ಉಳಿಸಿಕೊಳ್ಳಿ.

ಪ್ರಶ್ನೆ: ನಾನು ಒಂಬತ್ತನೇ ಕ್ಲಾಸು. ಪುರಾಣದ ಕಥೆಗಳು ನಿಜವಾ ಸುಳ್ಳಾ? ಎರಡೇ ಉತ್ತರ ಇರೋದು ಅಂತ ಫ್ರೆಂಡ್ಸ್ ಹೇಳ್ತಾರೆ.

ಪುಟ್ಟಾ, ಎರಡಕ್ಕಿಂತ ಜಾಸ್ತಿ ಇವೆ. ಪೆಸಿಫಿಕ್ ಸಾಗರದ ಟ್ರೋಬ್ರಿಯಂಡ್ ದ್ವೀಪಗಳಲ್ಲಿ ಮಾಲಿನೋವ್‌ಸ್ಕಿ ಎಂಬ ಮಾನವಶಾಸ್ತ್ರಜ್ಞರು ಮೊದಲ ಮಹಾಯುದ್ಧದ ವರ್ಷಗಳಲ್ಲಿ ವಾಸವಿದ್ದರು. ಅಲ್ಲಿನ ಜನರೇ ತಮ್ಮ ಕಥೆಗಳನ್ನು ಮೂರು ಬಗೆ ಮಾಡಿದ್ದರು. ಮಳೆ ಹಿಡಿಯುವ ಕಾಲದಲ್ಲಿ ನಗಲು ಹೇಳುವ ಕಥೆ ಒಂದು ಬಗೆ. ಅಂಥ ಒಂದೊಂದಕ್ಕೂ ಒಬ್ಬ ಯಜಮಾನ ಇರುತ್ತಾನೆ, ಅವನೇ ಹೇಳಬೇಕು. ಹಿಂದೆ ನಿಜವಾಗಿ ನಡೆದದ್ದು ಎಂದು ಹೇಳುವುದು ಎರಡನೆಯದು. ಮೂರನೆಯದು ಪವಿತ್ರವಾದದ್ದು: ಈ ಭೂಮಿ ಯಾರದ್ದು, ಈ ಆಚರಣೆ ಯಾಕೆ ಎಂಬುದಕ್ಕೆ ಆಧಾರ. ಮೂರನೆಯದನ್ನು 'ನಿಜವಾ' ಎಂದು ಕೇಳುವ ಬದಲು, 'ಇದರ ಮೇಲೆ ಇವರ ಬದುಕಿನಲ್ಲಿ ಏನು ನಿಂತಿದೆ' ಎಂದು ಮಾಲಿನೋವ್‌ಸ್ಕಿ ಕೇಳಿದರು. ನೀನೂ ಹಾಗೆ ಕೇಳಿ ನೋಡು.

ಕೆಲವು ಸಲ ಹಳೆಯ ಘಟನೆಯ ನೆನಪೂ ಪುರಾಣದಲ್ಲಿ ಉಳಿದಿರುತ್ತದೆ. ಅಮೆರಿಕದ ಆರೆಗಾನ್‌ನಲ್ಲಿ ಕ್ಲಾಮತ್ ಎಂಬ ಮೂಲನಿವಾಸಿಗಳಿದ್ದಾರೆ. ಕೆಳಲೋಕದ ಒಡೆಯನಿಗೂ ಮೇಲಿನ ಲೋಕದ ಒಡೆಯನಿಗೂ ಯುದ್ಧ ಆಯಿತು, ಬೆಂಕಿ ಸುರಿಯಿತು, ಬೆಟ್ಟ ಒಳಗೆ ಕುಸಿಯಿತು, ಆ ಗುಂಡಿಯಲ್ಲಿ ನೀರು ತುಂಬಿ ಕೆರೆಯಾಯಿತು ಎಂದು ಅವರು ಹೇಳುತ್ತಾರೆ. ಆ ಕೆರೆ ಈಗಲೂ ಇದೆ, ಹೆಸರು ಕ್ರೇಟರ್ ಲೇಕ್. ಭೂವಿಜ್ಞಾನಿಗಳ ಲೆಕ್ಕದಲ್ಲಿ ಅಲ್ಲಿದ್ದ ಜ್ವಾಲಾಮುಖಿ ಸಿಡಿದು ಕುಸಿದದ್ದು ಸುಮಾರು 7,700 ವರ್ಷಗಳ ಹಿಂದೆ. ಆಗ ಆ ಸುತ್ತಿನಲ್ಲಿ ಮನುಷ್ಯರಿದ್ದರು. ಆ ಬೂದಿಯ ಪದರದ ಕೆಳಗೆ ಗಿಡದ ನಾರಿನಿಂದ ಹೆಣೆದ ಚಪ್ಪಲಿಗಳು ಸಿಕ್ಕಿವೆ. ಹಾಗಂತ ಪ್ರತಿ ಪುರಾಣದ ಹಿಂದೆಯೂ ಒಂದು ಘಟನೆ ಹುಡುಕಲು ಹೋಗಬೇಡ. ಇಲ್ಲಿ ಬೆಟ್ಟ, ಬೂದಿ, ಚಪ್ಪಲಿ ಮೂರೂ ಸಾಕ್ಷಿ ಹೇಳುತ್ತಿವೆ. ಎಲ್ಲ ಕಡೆ ಹಾಗಿರುವುದಿಲ್ಲ.

ಪ್ರಶ್ನೆ: ನಮ್ಮ ಹಿರಿಯರೊಬ್ಬರಿಂದ ಮೊಬೈಲಿನಲ್ಲಿ ತುಂಬಾ ಕಥೆಗಳನ್ನು ರೆಕಾರ್ಡ್ ಮಾಡಿದ್ದೇನೆ. ಅವರು ಈಗಿಲ್ಲ. ಎಲ್ಲರಿಗೂ ಸಿಗಲಿ ಎಂದು ಯೂಟ್ಯೂಬಿಗೆ ಹಾಕಬಹುದೇ? ಮನೆಯಲ್ಲಿ ಕೆಲವರು ಬೇಡ ಅನ್ನುತ್ತಿದ್ದಾರೆ.

ಈ ಪತ್ರವನ್ನು ನಾನು ಮತ್ತೆ ಮತ್ತೆ ಓದಿದೆ. ಯಾಕೆಂದರೆ ಎರಡೂ ಕಡೆ ನ್ಯಾಯ ಇದೆ.

ರಾಮಾನುಜನ್ ಬರೆದಿಟ್ಟ ಇನ್ನೊಂದು ಕನ್ನಡ ಕಥೆ ನಿಮ್ಮ ಪರ ಇದೆ. ಒಬ್ಬ ಹೆಂಗಸಿಗೆ ಒಂದು ಕಥೆ, ಒಂದು ಹಾಡು ಗೊತ್ತಿತ್ತು. ಯಾರಿಗೂ ಹೇಳಲಿಲ್ಲ. ಒಳಗೇ ಕೂತು ಉಸಿರು ಕಟ್ಟಿದ ಅವೆರಡೂ ಅವಳು ಮಲಗಿದ್ದಾಗ ಬಾಯಿಂದ ಹೊರಗೆ ಬಂದವು. ಕಥೆ ಬಾಗಿಲ ಹೊರಗೆ ಚಪ್ಪಲಿಯಾಯಿತು, ಹಾಡು ಗೂಟದ ಮೇಲೆ ಗಂಡಸಿನ ಅಂಗಿಯಾಯಿತು. ಗಂಡನಿಗೆ ಅನುಮಾನ ಬಂತು, ಜಗಳವಾಯಿತು. ಹೇಳದೆ ಬಿಟ್ಟ ಕಥೆ ಸೇಡು ತೀರಿಸಿಕೊಂಡಿತು. ಕಥೆ ಬಾಯಿಂದ ಬಾಯಿಗೆ ದಾಟಬೇಕು ಎಂದು ಆ ಕಥೆಯೇ ಹೇಳುತ್ತದೆ.

ಮನೆಯವರ ಪರವಾಗಿ ಇನ್ನೊಂದು ನಡೆದ ಸಂಗತಿ ಇದೆ. ಅಮೆರಿಕದ ಜಾನಪದ ವಿದ್ವಾಂಸ ಬಾರ್ ಟೋಲ್ಕೆನ್ ನವಾಹೊ ಮೂಲನಿವಾಸಿ ಕುಟುಂಬವೊಂದರ ಜೊತೆ ಮನೆಯವರಂತೆ ಇದ್ದವರು. ಆ ಮನೆಯ ಹಿರಿಯ ಯೆಲ್ಲೋಮನ್ ದೊಡ್ಡ ಕಥೆಗಾರ. ಅವರು ಹೇಳಿದ ಕಯೋಟಿ ಎಂಬ ಕಾಡುನಾಯಿಯ ಕಥೆಗಳನ್ನು ಟೋಲ್ಕೆನ್ ಧ್ವನಿಮುದ್ರಿಸಿದರು, ಅವುಗಳ ಮೇಲೆ ಬರೆದು ಹೆಸರಾದರು. ಆ ಕಥೆಗಳನ್ನು ಚಳಿಗಾಲದಲ್ಲಿ ಮಾತ್ರ ಹೇಳಬೇಕು. ಕಯೋಟಿ ಮಾಡುವುದೆಲ್ಲ ನಗು ತರಿಸುತ್ತದೆ, ಆದರೆ ಕಥೆ ನಗುವಂಥದ್ದಲ್ಲ ಎಂದು ಯೆಲ್ಲೋಮನ್ ತಿಳಿಸಿ ಹೇಳಿದ್ದರು. ಅವುಗಳಲ್ಲಿ ಮೇಲೆ ಕಾಣುವ ನಗುವಿನ ಕೆಳಗೆ ನೀತಿಯ ಪದರ, ಅದರ ಕೆಳಗೆ ಗುಣಪಡಿಸುವ ಮಂತ್ರದ ಪದರ, ಇನ್ನೂ ಕೆಳಗೆ ಮಾಟದ ಪದರ ಇದೆ ಎಂದು ಟೋಲ್ಕೆನ್‌ಗೆ ನಿಧಾನವಾಗಿ ಗೊತ್ತಾಯಿತು. ಇದನ್ನು ಕೆದಕುತ್ತಾ ಹೋದರೆ ನಿನಗೂ ನಿನ್ನ ಮನೆಯವರಿಗೂ ಅಪಾಯ ಎಂದು ನವಾಹೊ ಹಿರಿಯರು ಎಚ್ಚರಿಸಿದರು. ಟೋಲ್ಕೆನ್ ಆ ದಾರಿಯ ಸಂಶೋಧನೆಯನ್ನು ಅಲ್ಲಿಗೇ ನಿಲ್ಲಿಸಿದರು. ಯೆಲ್ಲೋಮನ್ ತೀರಿಕೊಂಡ ಮೇಲೆ, ಸತ್ತವರ ದನಿ ಯಾರೋ ಎಲ್ಲೋ ಹೊತ್ತಲ್ಲದ ಹೊತ್ತಲ್ಲಿ ಕೇಳಬಾರದು ಎಂಬ ಆತಂಕ ಆ ಕುಟುಂಬಕ್ಕೆ ಇತ್ತು. 1997ರಲ್ಲಿ ಟೋಲ್ಕೆನ್ ಎಲ್ಲ ಮೂಲ ಟೇಪುಗಳನ್ನೂ ಯೆಲ್ಲೋಮನ್ ಅವರ ಪತ್ನಿಗೆ ಹಿಂದಿರುಗಿಸಿದರು. ಅವು ನಾಶವಾಗುತ್ತವೆ ಎಂದು ಗೊತ್ತಿದ್ದೇ ಕೊಟ್ಟರು.

ವಿದ್ವತ್ತಿಗೆ ನಷ್ಟ ಆಯಿತು ಎಂದು ಬೇಸರಪಟ್ಟವರಿದ್ದಾರೆ. ನಾನು ಟೋಲ್ಕೆನ್ ಪರ. ಆ ಕಥೆಗಳು ಅವರಿಗೆ ಸಿಕ್ಕಿದ್ದು ನಂಬಿಕೆಯ ಮೇಲೆ. ಆ ನಂಬಿಕೆ ಕೊಟ್ಟವರು ವಾಪಸ್ ಕೇಳಿದಾಗ ಕೊಡುವುದೇ ಸರಿ.

ನಿಮ್ಮ ವಿಷಯಕ್ಕೆ ಬರೋಣ. ಯೂಟ್ಯೂಬಿಗೆ ಈಗಲೇ ಹಾಕಬೇಡಿ. ಮೊದಲು ಎರಡು ಕಡೆ ನಕಲು ಮಾಡಿ ಭದ್ರವಾಗಿಡಿ. ಮೊಬೈಲು ಹಾಳಾದರೆ ಎಲ್ಲ ಹೋಯಿತು. ಪ್ರತಿ ಕಥೆಗೂ ದಿನ, ಜಾಗ, ಯಾರು ಎದುರಿಗೆ ಇದ್ದರು ಎಂದು ನೆನಪು ಮಾಸುವ ಮೊದಲೇ ಬರೆಯಿರಿ. ಆಮೇಲೆ ಬೇಡ ಅನ್ನುವವರನ್ನು ಕೂರಿಸಿಕೊಂಡು ಒಂದೊಂದೇ ಕಥೆ ಕೇಳಿಸಿ. ಅವರ ವಿರೋಧ ಎಲ್ಲ ಕಥೆಗೂ ಇರಲಿಕ್ಕಿಲ್ಲ. ಯಾವುದೋ ಒಂದರಲ್ಲಿ ಮನೆಯ ಗುಟ್ಟು ಇರಬಹುದು. ಯಾವುದೋ ಒಂದನ್ನು ಮನೆಯ ಹೆಂಗಸರಿಗೆ ಮಾತ್ರ ಎಂದು ಹೇಳಿರಬಹುದು. ಹಿರಿಯರು 'ಇದನ್ನು ಯಾರಿಗೂ ಹೇಳಬೇಡ' ಎಂದು ರೆಕಾರ್ಡಿನಲ್ಲೇ ಎಲ್ಲಾದರೂ ಅಂದಿದ್ದಾರಾ ಎಂದೂ ಗಮನವಿಟ್ಟು ಕೇಳಿ. ಎಲ್ಲರೂ ಒಪ್ಪಿದ ಕಥೆಗಳನ್ನು ಅವರ ಹೆಸರು ಹಾಕಿ ಪ್ರಕಟಿಸಿ. ಒಪ್ಪದಿದ್ದನ್ನು ಮನೆಯಲ್ಲೇ ಇಟ್ಟುಕೊಂಡು ನಿಮ್ಮ ಮಕ್ಕಳಿಗೆ ಬಾಯಲ್ಲಿ ಹೇಳಿ.